ಸ್ಕೋಪಿನೊಳಗೆ ಇಣುಕಿದ ಕಣ್ಣು

ನಮ್ಮ ಮನೆಯ ಬಂದೂಕಿನಲ್ಲಿ ಯಾರೋ ಮೂರನೆಯವರು ಕಣ್ಣಿಟ್ಟು ನೋಡಿದ್ದಾರೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ಎಣ್ಣೆ ಹಾಕಿ ಒರೆಸೋಣವೆಂದು ಅದನ್ನು ಬೀರುವಿನಿಂದ ತೆಗೆದಾಗ. ಬೇರೆಯವರಿಗಾದರೆ ಗೊತ್ತಾಗುತ್ತಲೇ ಇರಲಿಲ್ಲ. ನಾನು ದುರ್ಬೀನು, ಕ್ಯಾಮೆರಾ, ಬಂದೂಕಿನ ಸ್ಕೋಪು ಇವುಗಳ ರಿಪೇರಿಯಿಂದಲೇ ಹೊಟ್ಟೆ ಹೊರೆಯುವವನು. ಒಂದು ಸ್ಕೋಪು ಕೈಗೆ ಕೊಟ್ಟರೆ ಅದನ್ನು ಕೊನೆಗೆ ನೋಡಿದವರ ಕಣ್ಣು ಎಂಥದ್ದೆಂದು ಹೇಳಬಲ್ಲೆ. ಇಂಥ ವಿದ್ಯೆಯನ್ನು ಮನೆಯೊಳಗೆ ತರಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ.

ಸ್ಕೋಪು ಎಂದರೆ ಬಂದೂಕಿನ ಬೆನ್ನ ಮೇಲೆ ಕೂರುವ ದುರ್ಬೀನು. ಒಳಗೆ ಕೂದಲೆಳೆಯಷ್ಟು ತೆಳುವಾದ ಎರಡು ಗೆರೆಗಳಿರುತ್ತವೆ, ಒಂದು ಅಡ್ಡ, ಒಂದು ಉದ್ದ. ಅವೆರಡೂ ಕೂಡುವ ಜಾಗವನ್ನು ಗುರಿಯ ಮೇಲೆ ತಂದಿಡಬೇಕು. ಕಣ್ಣಿಡುವ ತುದಿಯಲ್ಲಿ ತಿರುಗುವ ಬಳೆಯೊಂದಿದೆ. ಅದನ್ನು ತಿರುಗಿಸುವುದು ದೂರದ ಗುರಿಗಾಗಿ ಅಲ್ಲ, ಒಳಗಿನ ಗೆರೆಗಳಿಗಾಗಿ. ನೋಡುವವರ ಕಣ್ಣಿಗೆ ಗೆರೆ ಚೊಕ್ಕವಾಗಿ ಕಂಡ ಕಡೆ ಬಳೆಯನ್ನು ನಿಲ್ಲಿಸಬೇಕು. ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗದ ಹಾಗೆ ಒಬ್ಬರ ಬಳೆ ಇನ್ನೊಬ್ಬರಿಗೆ ಆಗುವುದಿಲ್ಲ.

ನನ್ನ ಹೆಂಡತಿ ರೈಫಲ್ ಕ್ಲಬ್ಬಿನಲ್ಲಿ ತರಬೇತಿ ಕೊಡುತ್ತಾಳೆ. ಹೊಸಬರು ಬಂದೂಕು ಹಿಡಿದ ಕೂಡಲೇ ಗುರಿಯನ್ನು ನುಂಗುವ ಹಾಗೆ ನೋಡುತ್ತಾರೆ. ಅದನ್ನು ಬಿಡಿಸುವುದೇ ಅವಳ ಮೊದಲ ಪಾಠ.

"ಗುರಿ ಎಲ್ಲೂ ಓಡಿಹೋಗಲ್ಲ, ಅದನ್ನ ಬಿಟ್ಟುಬಿಡಿ," ಎನ್ನುತ್ತಾಳೆ. "ಕಣ್ಣು ಗೆರೆ ಮೇಲಿರಲಿ. ಗೆರೆ ಚೊಕ್ಕ ಇದ್ದು ಗುರಿ ಒಂಚೂರು ಮಸುಕಾದ್ರೂ ಏಟು ಬೀಳುತ್ತೆ. ಗುರಿ ಚೊಕ್ಕ ಇದ್ದು ಗೆರೆ ಮಸುಕಾದ್ರೆ ಏಟು ಬೀಳೋದು ಪಕ್ಕದವನ ಗುರಿಗೆ. ಇನ್ನು ಬಳೆ ಹೊಂದಿಸೋವಾಗ ಬರೀ ಬಿಳಿ ಗೋಡೆ ನೋಡಿ. ಇಣುಕಿ, ಕಣ್ಣು ಆಚೆ ತೆಗೀರಿ. ಮತ್ತೆ ಇಣುಕಿ. ದಿಟ್ಟಿಸ್ತಾ ಕೂರಬೇಡಿ. ಕೂತ್ರೆ ಕಣ್ಣು ನಿಮ್ಮನ್ನ ಓಲೈಸೋಕೆ ಶುರು ಮಾಡುತ್ತೆ. ಮಸುಕಾಗಿರೋದನ್ನೂ ಚೊಕ್ಕ ಅಂತ ತೋರಿಸಿಬಿಡುತ್ತೆ."

ಈ ಪಾಠವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದ್ದೇನೆ ಅಷ್ಟೇ.

ನಮ್ಮಿಬ್ಬರದು ಒಂದೇ ಬಂದೂಕು. ಮದುವೆಯಾದ ಹೊಸದರಲ್ಲಿ ಬಳೆಯ ವಿಷಯಕ್ಕೆ ದಿನಾ ಜಗಳವಾಗುತ್ತಿತ್ತು. ಕೊನೆಗೆ ನಾನೇ ಅದರ ಮೇಲೆ ಎರಡು ಚುಕ್ಕೆ ಇಟ್ಟೆ. ಬಿಳಿ ನನ್ನ ಕಣ್ಣಿಗೆ, ಕೆಂಪು ಅವಳ ಕಣ್ಣಿಗೆ. ಯಾರು ಬಂದೂಕು ಹಿಡಿಯುತ್ತಾರೋ ಅವರು ತಮ್ಮ ಚುಕ್ಕೆಗೆ ತಿರುಗಿಸಿಕೊಳ್ಳುವುದು. ಸಂಸಾರ ಸುಖವಾಗಿ ಸಾಗಿತ್ತು.

ಆ ಭಾನುವಾರ ಬಳೆ ಬಿಳಿಯಲ್ಲೂ ಇರಲಿಲ್ಲ, ಕೆಂಪಿನಲ್ಲೂ ಇರಲಿಲ್ಲ. ಎರಡನ್ನೂ ದಾಟಿ ಎಲ್ಲೋ ದೂರ ಹೋಗಿ ನಿಂತಿತ್ತು. ಕಣ್ಣಿಟ್ಟು ನೋಡಿದರೆ ಗೆರೆಗಳು ಗಂಜಿಯಾಗಿದ್ದವು. ಕೈ ತಾಗಿ ತಿರುಗಿರಬಹುದು ಎಂದುಕೊಳ್ಳೋಣವೆಂದರೆ ಆ ಬಳೆ ಬಿಗಿ, ಬೇಕೆಂದೇ ತಿರುಗಿಸಬೇಕು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಬಂದೂಕಿನ ಹಿಡಿಯನ್ನು ಒರೆಸಲು ತಿರುಗಿಸಿದಾಗ ಅದರ ಬಲಮಗ್ಗುಲಲ್ಲಿ ಕೆನ್ನೆಯೊತ್ತಿದ ಜಿಡ್ಡು ಕಂಡಿತು. ನಾವಿಬ್ಬರೂ ಬಲಭುಜದವರು, ನಮ್ಮ ಕೆನ್ನೆ ಕೂರುವುದು ಎಡಮಗ್ಗುಲಲ್ಲಿ. ಬಲಮಗ್ಗುಲಲ್ಲಿ ಕೆನ್ನೆಯಿಡುವವನು ಎಡಚ.

ಬೀರುವಿಗೆ ಎರಡೇ ಬೀಗದ ಕೈ, ಒಂದು ನನ್ನ ಗೊಂಚಲಲ್ಲಿ, ಇನ್ನೊಂದು ಅವಳ ಕೈಚೀಲದಲ್ಲಿ. ಬಂದೂಕು ಹೊರಗೆ ಹೋಗಿಲ್ಲ, ಕ್ಲಬ್ಬಿನಲ್ಲಿ ಅವಳು ಬಳಸುವುದು ಕ್ಲಬ್ಬಿನ ಬಂದೂಕು. ಅಂದಮೇಲೆ ಆ ಎಡಚ ನಮ್ಮ ಮನೆಗೇ ಬಂದಿದ್ದಾನೆ, ನಾನು ಅಂಗಡಿಯಲ್ಲಿದ್ದಾಗ ಬಂದಿದ್ದಾನೆ, ಮಹಡಿಯ ಕೋಣೆಯ ತನಕ ಬಂದಿದ್ದಾನೆ. ಮೂರನೇ ಕಣ್ಣು ತೆರೆದರೆ ಎದುರಿಗಿದ್ದದ್ದೆಲ್ಲ ಸುಟ್ಟು ಬೂದಿ ಎಂದು ಕೇಳಿದ್ದೆ. ನಮ್ಮ ಮನೆಯಲ್ಲಿ ಸುಡುತ್ತಿದ್ದವನು ನಾನೊಬ್ಬನೇ.

ಅಡುಗೆಮನೆಗೆ ಹೋದೆ. ಅವಳು ಟೀ ಸೋಸುತ್ತಿದ್ದಳು.

"ಬಂದೂಕು ಹೊರಗೆ ತೆಗೆದಿದ್ಯಾ?" ಎಂದೆ, ಉಪ್ಪಿದೆಯಾ ಎಂದು ಕೇಳುವ ದನಿಯಲ್ಲಿ.

"ಇಲ್ವಲ್ಲ. ಯಾಕೆ?"

ಹಾಗೆನ್ನುತ್ತಲೇ ಟೀ ಲೋಟದ ಪಕ್ಕಕ್ಕೆ ಬಿತ್ತು. ಲೋಟ ತುಂಬಿ ಚೆಲ್ಲಿದ್ದಲ್ಲ, ಲೋಟವನ್ನೇ ಬಿಟ್ಟು ಕಟ್ಟೆಯ ಮೇಲೆ ಸುರಿಯಿತು. ಸುಳ್ಳು ಹೇಳುವವರ ಕೈ ನಡುಗುತ್ತದೆ ಎಂದುಕೊಂಡೆ. ಬಟ್ಟೆ ತಂದು ಒರೆಸಿದಳು. ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಮುಂದೆ ನೋಡಿದ್ದೆಲ್ಲ ಸಾಕ್ಷಿಯೇ. ಊಟಕ್ಕೆ ಕೂರುವಾಗ ಇಷ್ಟು ವರ್ಷ ಕೂರುತ್ತಿದ್ದ ಕುರ್ಚಿ ಬಿಟ್ಟು ಆ ಬದಿಯ ಕುರ್ಚಿಯಲ್ಲಿ ಕೂರತೊಡಗಿದ್ದಳು. ನಾನು ಮಾತಾಡಿದರೆ ಮುಖವನ್ನು ಒಂದಿಷ್ಟು ಓರೆ ಮಾಡಿ, ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಮನಸ್ಸಾಕ್ಷಿ ಬಿಡಬೇಕಲ್ಲ. ಪೇಪರನ್ನು ಓದದೆ ಮಡಿಸಿಡುತ್ತಿದ್ದಳು. ಒಂದು ದಿನ ರಸ್ತೆಯಲ್ಲಿ ನಡೆಯುವಾಗ, "ನೀವು ಈ ಕಡೆ ಬನ್ನಿ," ಎಂದು ನನ್ನನ್ನು ಇನ್ನೊಂದು ಮಗ್ಗುಲಿಗೆ ಕಳಿಸಿದಳು. ಆ ಬದಿಯ ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಮಾರನೆಯ ದಿನ ಹೋಗಿ ನೋಡಿಕೊಂಡು ಬಂದೆ. ಹಲ್ಲಿಲ್ಲದ ಮುದುಕಿಯೊಬ್ಬರು ಇದ್ದರು.

ಬಳೆಯನ್ನು ನಾನೇ ಕೆಂಪು ಚುಕ್ಕೆಗೆ ತಿರುಗಿಸಿಟ್ಟೆ. ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ದೂರದ ಜಾಗಕ್ಕೆ ಹೋಗಿತ್ತು. ಒಂದು ಕೂದಲೂ ಆಚೀಚೆ ಇಲ್ಲ. ಅಂದರೆ ಅದೇ ಕಣ್ಣು, ಅದೇ ಮನುಷ್ಯ. ಒಂದೇ ಸಲ ಬಂದು ಹೋದವನಲ್ಲ.

ಇಂಥ ಹೊತ್ತಿನಲ್ಲಿ ಅಕ್ಕ ಬರದೆ ಇರುತ್ತಾಳೆಯೇ? ಅಕ್ಕ ಪಕ್ಕದ ಬೀದಿಯಲ್ಲಿದ್ದಾಳೆ. ನನಗಿಂತ ದೊಡ್ಡವಳು, ನಮ್ಮ ತಾಯಿ ಹೋದಮೇಲೆ ನನ್ನನ್ನು ಸಾಕಿದವಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಂಗಡಿಯ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡಿದಳು.

"ಏನೋ ಇದು, ಸೊರಗಿ ಸುಣ್ಣವಾಗಿದೀಯ. ಮನೇಲಿ ಊಟ ಹಾಕ್ತಿದ್ದಾಳೋ ಇಲ್ವೋ?"

"ಹಾಕ್ತಾಳಕ್ಕ. ಏನಿಲ್ಲ ಬಿಡು."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ನಾನು ಬಾಯಿ ಬಿಡಬಾರದು ಅನ್ಕೊಂಡಿದ್ದೆ. ಬುಧವಾರ ಸಂಜೆ ಕ್ಲಾಸು ಅಂತ ಹೋಗ್ತಾಳಲ್ಲ ನಿನ್ನ ಹೆಂಡ್ತಿ, ಬುಧವಾರ ಕ್ಲಬ್ಬಿಗೆ ರಜ. ಗೇಟಿಗೆ ಬೀಗ ಹಾಕಿರೋದನ್ನ ನಾನೇ ನೋಡಿದೀನಿ."

ನನ್ನ ಕೈಯಲ್ಲಿದ್ದ ಸಣ್ಣ ಸ್ಕ್ರೂ ನೆಲಕ್ಕೆ ಬಿದ್ದು ಎಲ್ಲೋ ಉರುಳಿಹೋಯಿತು. ಅಕ್ಕ ಬಗ್ಗಿ ಹುಡುಕಿಕೊಡುತ್ತಲೇ ಮುಂದುವರಿಸಿದಳು. "ನಾನೇನೂ ಹೇಳ್ತಿಲ್ಲಪ್ಪ. ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತ ಹಿರಿಯರು ಹೇಳಿದಾರೆ. ಅಷ್ಟೇ."

ನಾನು ಅಕ್ಕನಿಗೆ ಬಳೆಯ ಕಥೆ ಹೇಳಿಬಿಟ್ಟೆ. ಹೇಳಬಾರದಿತ್ತು. ಅವಳಿಗೆ ಬಳೆ ಅರ್ಥವಾಗಲಿಲ್ಲ, ಎಡಚ ಅನ್ನುವುದು ಮಾತ್ರ ಚೆನ್ನಾಗಿ ಅರ್ಥವಾಯಿತು.

"ಎಡಚನಾ? ಕ್ಲಬ್ಬಿನ ಸೆಕ್ರೆಟರಿ ಎಡಚ ಅಲ್ವೇನೋ?"

ಹೌದು, ಅವನು ಎಡಚ. ಅಗಲ ಭುಜದ, ನಗುಮುಖದ, ಇಸ್ತ್ರಿ ಅಂಗಿಯ ಎಡಚ. ಇದು ನನಗೆ ಮೊದಲೇ ಹೊಳೆದಿತ್ತು, ಆದರೆ ಅಕ್ಕನ ಬಾಯಿಂದ ಬಂದಮೇಲೆ ಅದಕ್ಕೆ ಕೈಕಾಲು ಬಂತು.

ಕೂಗಾಡುವ ಜಾಯಮಾನ ನನ್ನದಲ್ಲ. ನನಗೆ ಪರೀಕ್ಷೆ ಮಾಡಿ ನೋಡಬೇಕು. ನಮ್ಮದೇ ಮಾದರಿಯ ಇನ್ನೊಂದು ಸ್ಕೋಪು ಅಂಗಡಿಯಲ್ಲಿತ್ತು. ಮನೆಯ ಬಂದೂಕಿನ ಬಳೆ ಎಲ್ಲಿ ನಿಂತಿತ್ತೋ ಅದೇ ಜಾಗಕ್ಕೆ ಇದರಲ್ಲೂ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಟ್ಟೆ. ಸೆಕ್ರೆಟರಿಯನ್ನು ಕರೆಸಿದೆ.

"ಹೊಸ ಗಾಜು ಕೂರಿಸಿದೀನಿ ಸಾರ್. ನಿಮ್ಮಂಥ ನುರಿತವರು ನೋಡಿ ಹೇಳಿದ್ರೆ ಸಮಾಧಾನ. ಆ ಗೋಡೆ ನೋಡಿ, ಬಳೆ ಹೊಂದಿಸಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೋ ಎಂದು ಕಾದೆ. ಅವನು ಹೆಗಲನ್ನೂ ಮುಟ್ಟಲಿಲ್ಲ, ಏನನ್ನೂ ಮುಟ್ಟಲಿಲ್ಲ. ಸ್ಕೋಪು ಎತ್ತಿ ಎಡಗಣ್ಣಿಗೆ ಹಿಡಿದ. ಇಣುಕಿದ, ತೆಗೆದ, ಇಣುಕಿದ, ಬಳೆ ತಿರುಗಿಸಿದ. ನನ್ನ ಎದೆ ಹೊಡೆದುಕೊಳ್ಳುವುದು ಅವನಿಗೆ ಕೇಳಿಸುತ್ತದೇನೋ ಎಂದು ಫ್ಯಾನಿನ ವೇಗ ಹೆಚ್ಚಿಸಿದೆ.

"ಬೆಣ್ಣೆ ಹಾಗಿದೆ ಸಾರ್," ಎಂದು ಕೈಗೆ ಕೊಟ್ಟ.

ಬಳೆ ನನ್ನ ಪೆನ್ಸಿಲಿನ ಗುರುತಿಗೆ ತದ್ವಿರುದ್ಧ ದಿಕ್ಕಿನಲ್ಲಿ ನಿಂತಿತ್ತು. ಈ ಕಣ್ಣು ಆ ಕಣ್ಣಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಗೊತ್ತಿರುವ ಕಳ್ಳನಿಗಿಂತ ಗೊತ್ತಿಲ್ಲದ ಕಳ್ಳ ಹೆಚ್ಚು ನಿದ್ದೆಗೆಡಿಸುತ್ತಾನೆ.

ಹೋಗುವಾಗ ಸೆಕ್ರೆಟರಿ ಬಾಗಿಲಲ್ಲಿ ನಿಂತ. "ನಿಮ್ಮ ಮನೆಯವರಿಗೆ ಈಚೆಗೆ ನಮ್ಮಂಥ ಎಡಗೈಯವರ ಮೇಲೆ ತುಂಬಾ ಆಸಕ್ತಿ ಬಂದ್ಹಾಗಿದೆ. ಎಡಭುಜಕ್ಕೆ ಬಂದೂಕು ಹೇಗೆ ಕೂರಿಸ್ತೀರಿ, ಕುತ್ತಿಗೆ ನೋಯಲ್ವಾ, ಎಷ್ಟು ದಿನಕ್ಕೆ ಕೈ ಹಿಡಿತು ಅಂತೆಲ್ಲ ಕೇಳ್ತಿದ್ರು. ಯಾರಾದ್ರೂ ಹೊಸ ಎಡಚ ಶಿಷ್ಯ ಸಿಕ್ಕಿದಾನಾ?"

"ಸಿಕ್ಕಿರಬೇಕು," ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಕದ್ದು ಬರುವವನಿಗೆ ಕುತ್ತಿಗೆ ನೋಯಬಾರದಂತೆ. ಎಷ್ಟು ಕಾಳಜಿ. ನನಗೆ ಸೊಂಟ ಹಿಡಿದುಕೊಂಡಾಗ ಯಾರನ್ನೂ ಹೀಗೆ ವಿಚಾರಿಸಿದವಳಲ್ಲ.

ಬುಧವಾರ ಬಂತು. "ಕ್ಲಾಸಿದೆ, ಬರೋದು ಸ್ವಲ್ಪ ತಡ ಆಗುತ್ತೆ," ಎಂದು ಹೊರಟಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು. ನಾನು ಅಂಗಡಿಗೆ ಬೀಗ ಹಾಕಿ ಹಿಂದೆ ನಡೆದೆ. ಅವಳು ಮೊದಲಿನ ಹಾಗೆ ಬಿರಬಿರನೆ ನಡೆಯಲಿಲ್ಲ. ಫುಟ್‌ಪಾತಿನ ಅಂಚು ಬಂದಾಗಲೆಲ್ಲ ನಿಂತು, ತಲೆ ಓರೆ ಮಾಡಿ ನೋಡಿ, ಕಾಲಿಡುತ್ತಿದ್ದಳು. ಯಾರಾದರೂ ನೋಡುತ್ತಿದ್ದಾರೋ ಎಂಬ ಭಯ ಎಂದುಕೊಂಡೆ.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮಹಡಿ ಕಟ್ಟಡವಿದೆ. ಮುಖದ ತುಂಬ ಬೋರ್ಡುಗಳು. ವಕೀಲರು, ಡಾಕ್ಟರುಗಳು, ಟೈಲರು, ವಿಮೆಯವರು, ಎಲ್ಲಕ್ಕಿಂತ ಮೇಲೆ ಒಂದು ಲಾಡ್ಜು. ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಎದುರಿಗೆ ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ಸುಗಳು ಬಂದವು, ಹೋದವು. ಕಂಡಕ್ಟರೊಬ್ಬ, "ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ," ಎಂದು ಬೈದ. ನನ್ನ ಕಣ್ಣು ಲಾಡ್ಜಿನ ಬೋರ್ಡಿನ ಮೇಲಿತ್ತು. ಬೇರೆ ಯಾವ ಬೋರ್ಡನ್ನೂ ನಾನು ಓದಲಿಲ್ಲ. ಹೋಗಿ ಬಾಗಿಲು ಬಡಿಯಬೇಕು ಎಂದು ಒಂದು ಮನಸ್ಸು. ಬಾಗಿಲು ತೆರೆದರೆ ಏನು ಮಾಡುವುದು ಎಂದು ಇನ್ನೊಂದು. ನನಗೆ ಭಯವಾಗಿತ್ತು. ಅವಳನ್ನು ಕಳೆದುಕೊಳ್ಳುವುದು ಹೇಗಿರುತ್ತದೆ ಎಂದು ಆ ಬಸ್ ಸ್ಟಾಪಿನಲ್ಲಿ ಮೊದಲ ಸಲ ಯೋಚಿಸಿದೆ. ಯೋಚಿಸಲಾಗದೆ ಮನೆಗೆ ಬಂದುಬಿಟ್ಟೆ.

ಅವಳು ಬಂದಾಗ ಕಣ್ಣು ಕೆಂಪಾಗಿತ್ತು.

"ಕ್ಲಾಸು ಹೇಗಿತ್ತು?" ಎಂದೆ.

ಸ್ವಲ್ಪ ಹೊತ್ತು ನನ್ನ ಕಡೆ ತಿರುಗಿ ನಿಂತಿದ್ದಳು. ಏನೋ ಹೇಳುವವಳ ಹಾಗೆ ತುಟಿ ಅಲುಗಿತು. ಆಮೇಲೆ, "ಇತ್ತು," ಎಂದು ಒಳಗೆ ಹೋದಳು.

ಅದಾದ ಮೇಲೆ ಮನೆಯಲ್ಲಿ ಮಾತೇ ನಿಂತಿತು. ಅವಳು ಕೇಳಿದ್ದಕ್ಕೆ ನಾನು ಹೂಂ ಎನ್ನುವುದು, ನಾನು ಕೇಳಿದ್ದಕ್ಕೆ ಅವಳು ಊಹೂಂ ಎನ್ನುವುದು. ಅಕ್ಕ ಬಂದು, "ಇವತ್ತು ಕೇಳೇಬಿಡು, ಗಂಡಸಲ್ವಾ ನೀನು," ಎಂದು ಚುಚ್ಚಿ ಹೋದಳು. ಎರಡು ದಿಕ್ಕಿನಿಂದಲೂ ಮದ್ದಳೆಗೆ ಪೆಟ್ಟು ಬಿದ್ದ ಹಾಗಾಯಿತು. ಶುಕ್ರವಾರ ಮಧ್ಯಾಹ್ನ ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಹೇಳದೆ ಕೇಳದೆ ಮನೆಗೆ ಹೊರಟೆ.

ಬಾಗಿಲನ್ನು ಸದ್ದಾಗದ ಹಾಗೆ ತೆಗೆದೆ. ಮಹಡಿಯಿಂದ 'ಟಕ್' ಎಂಬ ಸದ್ದು ಬಂತು. ಗುಂಡಿಲ್ಲದ ಬಂದೂಕಿನ ಕುದುರೆ ಎಳೆದ ಸದ್ದು, ನನಗೆ ಅದು ನಿದ್ದೆಯಲ್ಲೂ ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಟಕ್'. ಅವನು ಇದ್ದಾನೆ. ನನ್ನ ಮನೆಯಲ್ಲಿ, ನನ್ನ ಬಂದೂಕು ಹಿಡಿದು ಮಲಗಿದ್ದಾನೆ. ಮೆಟ್ಟಿಲನ್ನು ಹೇಗೆ ಹತ್ತಿದೆನೋ ನೆನಪಿಲ್ಲ, ಬಾಗಿಲನ್ನು ಒದ್ದದ್ದು ಮಾತ್ರ ನೆನಪಿದೆ.

ನೆಲದ ಮೇಲೆ ಚಾಪೆ. ಚಾಪೆಯ ಮೇಲೆ ನನ್ನ ಹೆಂಡತಿ ಬೋರಲು ಮಲಗಿದ್ದಳು. ಬಂದೂಕು ಅವಳ ಎಡಭುಜದಲ್ಲಿತ್ತು, ಕೆನ್ನೆ ಹಿಡಿಯ ಬಲಮಗ್ಗುಲಿಗೆ ಒತ್ತಿತ್ತು. ಕೊಳವೆ ಬಿಳಿ ಗೋಡೆಯ ಕಡೆಗಿತ್ತು. ಅವಳು ಬಿಟ್ಟರೆ ಇನ್ಯಾರೂ ಇರಲಿಲ್ಲ.

ನಾನು ನಂಬಲಿಲ್ಲ. ಬಾಗಿಲ ಹಿಂದೆ ನೋಡಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ಹಳೆಯ ಟ್ರಂಕಿತ್ತು. ಕಿಟಕಿಯ ಹೊರಗೆ ಕತ್ತು ಚಾಚಿದೆ. ಬಟ್ಟೆಯ ಕಪಾಟನ್ನೂ ತೆಗೆದೆ. ಅವಳು ಬಂದೂಕನ್ನು ನಿಧಾನವಾಗಿ ಚಾಪೆಯ ಮೇಲಿಟ್ಟು ಎದ್ದು ಕೂತಳು.

"ಯಾರನ್ನ ಹುಡುಕ್ತಿದೀರಿ?"

ನಾನು ಬಂದೂಕು ಎತ್ತಿಕೊಂಡೆ. ಬಳೆ ಅದೇ ದೂರದ ಜಾಗದಲ್ಲಿತ್ತು. "ಇದು ಯಾರ ಕಣ್ಣು?" ಎಂದೆ. "ಇದು ನಿನ್ನ ಚುಕ್ಕೆ ಅಲ್ಲ. ನಿನ್ನ ಕಣ್ಣಿನ ಅಳತೆ ನನಗೆ ಗೊತ್ತಿಲ್ವಾ?"

"ನಿಮಗೆ ಗೊತ್ತಿರೋದು ಬಲಗಣ್ಣಿನ ಅಳತೆ," ಎಂದಳು. "ಇದು ಎಡಗಣ್ಣಿಂದು."

ಎಲ್ಲರಿಗೂ ಎರಡು ಕಣ್ಣಿರುತ್ತವೆ, ಎರಡೂ ಒಂದೇ ಥರ ಇರುವುದಿಲ್ಲ. ಇದು ಬೀದಿಯಲ್ಲಿ ಕನ್ನಡಕ ಮಾರುವವನಿಗೂ ಗೊತ್ತು. ಆದರೆ ಬಂದೂಕಿನವರ ಪಾಲಿಗೆ ಮನುಷ್ಯನಿಗೆ ಒಂದೇ ಕಣ್ಣು, ಗುರಿ ಹಿಡಿಯುವ ಕಣ್ಣು. ಇನ್ನೊಂದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಷ್ಟು ವರ್ಷದಲ್ಲಿ ಅವಳ ಎಡಗಣ್ಣು ಹೇಗಿದೆಯೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಬಲಗಣ್ಣಿಗೆ ಏನಾಯ್ತು?"

"ಹೋಯ್ತು ರೀ." ಅಷ್ಟು ಸಾಧಾರಣವಾಗಿ ಹೇಳಿದಳು. "ಪೂರ್ತಿ ಕತ್ತಲೆ ಏನಲ್ಲ. ಅಡ್ಡಗೆರೆ ಕಾಣುತ್ತೆ, ಉದ್ದಗೆರೆ ಕಾಣುತ್ತೆ. ಎರಡೂ ಕೂಡೋ ಜಾಗ ಮಾತ್ರ ಇಲ್ಲ. ಯಾರೋ ಬೆರಳಲ್ಲಿ ಒರೆಸಿಬಿಟ್ಟಿದಾರೆ. ಏನನ್ನೇ ನೋಡ್ಲಿ, ಅಂಚು ಇರುತ್ತೆ, ನಡುಭಾಗ ಇರಲ್ಲ. ಆ ಕಣ್ಣಲ್ಲಿ ನಿಮ್ಮನ್ನ ನೋಡಿದ್ರೆ ಕಿವಿ ಎರಡೂ ಇವೆ, ಮುಖ ಇಲ್ಲ."

ನಾನು ಚಾಪೆಯ ತುದಿಯಲ್ಲಿ ಕೂತೆ.

"ಡಾಕ್ಟರು ಅದು ವಾಪಸ್ ಬರಲ್ಲ ಅಂದ್ರು. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆಯಂತೆ, ನೋಡ್ಕೊಂಡಿರಬೇಕು ಅಂದಿದಾರೆ. ಬುಧವಾರ ಬುಧವಾರ ಬರೋಕೆ ಹೇಳಿದಾರೆ. ಕ್ಲಬ್ಬಿನವರಿಗೆ ಗೊತ್ತಾದ್ರೆ ಒಕ್ಕಣ್ಣಿ ಏನು ಪಾಠ ಹೇಳಿಕೊಡ್ತಾಳೆ ಅಂತಾರೆ. ಅದಕ್ಕೇ ಎಡಭುಜದಲ್ಲಿ ಕಲೀತಿದ್ದೆ. ಕಲಿತಮೇಲೆ ನಿಮಗೆ ಹೇಳೋಣ ಅಂತಿದ್ದೆ. ಬರೀ ಕೆಟ್ಟ ಸುದ್ದಿ ತಗೊಂಡು ನಿಮ್ಮ ಮುಂದೆ ನಿಲ್ಲೋಕೆ ಮನಸ್ಸಾಗ್ಲಿಲ್ಲ."

ಕೆಳಗೆ ರಸ್ತೆಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಅವಳು ನನ್ನ ಕೈಯಿಂದ ಬಂದೂಕು ತೆಗೆದು ಗೋಡೆಗೆ ಒರಗಿಸಿದಳು.

"ಈಗ ನೀವು ಹೇಳಿ. ಮಂಚದ ಕೆಳಗೆ ಯಾರನ್ನ ಹುಡುಕಿದ್ರಿ?"

ಕೀ ಕಳೆದಿತ್ತು ಎನ್ನಬಹುದಿತ್ತು, ಬೆಕ್ಕು ಎನ್ನಬಹುದಿತ್ತು. ಅವಳು ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿ ಕಾಯುತ್ತಿದ್ದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇನ್ನೊಬ್ಬ ಯಾರೋ ಇದ್ದಾನೆ ಅಂದ್ಕೊಂಡಿದ್ದೆ," ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಅಳುತ್ತಾಳೆ ಎಂದುಕೊಂಡೆ. ನಗಲೂಬಹುದು, ನನ್ನನ್ನು 'ಪತ್ತೇದಾರ್ರು' ಎಂದು ಗೇಲಿ ಮಾಡುವುದು ಅವಳಿಗೆ ಹಳೆಯ ಅಭ್ಯಾಸ. ಅವಳು ಯಾವುದನ್ನೂ ಮಾಡಲಿಲ್ಲ. ಬಹಳ ದಿನದಿಂದ ಅರ್ಥವಾಗದಿದ್ದದ್ದು ಈಗ ಅರ್ಥವಾದವರ ಹಾಗೆ ತಲೆಯಾಡಿಸಿದಳು.

"ಓ, ಅದಕ್ಕಾ ಬುಧವಾರ ನೀವು ಮೆಟ್ಟಿಲು ಹತ್ತಿ ಮೇಲಕ್ಕೆ ಬರದೇ ಇದ್ದದ್ದು."

"ನೋಡಿದ್ಯಾ ನನ್ನ?"

"ಡಾಕ್ಟರ ಹತ್ರ ಕಾಯೋ ಕೋಣೆ ಕಿಟಕಿಯಿಂದ ಬಸ್ ಸ್ಟಾಪೇ ಕಾಣುತ್ತೆ. ಆ ನೀಲಿ ಅಂಗಿ ನಾನೇ ಆರಿಸಿದ್ದಲ್ವಾ. ನಿಮಗೆ ಹೇಗೋ ಗೊತ್ತಾಗಿದೆ, ನಾನು ಹೇಳದೇ ಇದ್ರೂ ತಿಳ್ಕೊಂಡು ಬಂದಿದೀರಿ ಅನ್ಕೊಂಡೆ. ಎಷ್ಟು ಖುಷಿಯಾಯ್ತು ಗೊತ್ತಾ. ಪಕ್ಕದ ಕುರ್ಚಿ ಮೇಲೆ ಚೀಲ ಇಟ್ಟು ಜಾಗ ಹಿಡಿದೆ. ನನ್ನನ್ನ ಕರೆದ್ರು. ನಮ್ಮ ಮನೆಯವರು ಕೆಳಗಿದಾರೆ, ಈಗ ಬರ್ತಾರೆ, ಹಿಂದಿನವರನ್ನ ಮೊದಲು ಕಳಿಸಿ ಅಂದೆ. ಆಮೇಲೆ ಅವರ ಹಿಂದಿನವರನ್ನೂ ಕಳಿಸಿದೆ."

ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಸತ್ತುಹೋಗಬೇಕು ಅನ್ನಿಸುವಷ್ಟು ನಾಚಿಕೆಯಾಯಿತು.

"ಕೊನೆಗೆ ನರ್ಸು ಬಂದ್ಲು," ಎಂದಳು. "ಯಾರೂ ಬರ್ಲಿಲ್ವಲ್ಲಮ್ಮ, ಚೀಲ ತೆಗೀರಿ, ಬೇರೆಯವರು ಕೂತ್ಕೊಳ್ಳಲಿ ಅಂದ್ಲು. ತೆಗೆದೆ."